ಮೀಸೆಯ ಮಣ್ಣು, ಬೆನ್ನಿನ ಮಣ್ಣು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸೋತ ಮೇಲೂ ಸೋಲನ್ನೊಪ್ಪದೆ ಜಂಬ ಕೊಚ್ಚುವವನನ್ನು ಹಂಗಿಸಲು ಈ ಮಾತನ್ನು ಬಳಸುತ್ತೇವೆ. ನಾನೂ ಬಹುಕಾಲ ಹಾಗೆಯೇ ಬಳಸುತ್ತಿದ್ದೆ. ಆ ಮಾತಿನೊಳಗೆ ಕುಸ್ತಿಯ ಕಾನೂನೇ ಅಡಗಿದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ಉಮ್ಮತ್ತೂರಿನ ಒಬ್ಬ ಹಿರಿಯ ಪೈಲ್ವಾನರು. ಆಗ ಅವರಿಗೆ ವಯಸ್ಸಾಗಿತ್ತು. ಕಿವಿಯ ಹಾಲೆಗಳು ಹಳೆಯ ಪೆಟ್ಟುಗಳಿಂದ ಮುದುಡಿ ಗಟ್ಟಿಯಾಗಿದ್ದುವು. ಜಗಲಿಯ ಮೇಲೆ ಕುಳಿತು ಎಲೆ ಅಡಕೆ ಹಾಕುತ್ತಿದ್ದರು. ಯಾರನ್ನೋ ಲೇವಡಿ ಮಾಡಿ ನಾನು ಈ ಗಾದೆ ಹೇಳಿದಾಗ ಅವರು ನಕ್ಕು ಕೇಳಿದರು:

“ಮಗಾ, ಮೀಸ ಮಣ್ಣಾಗ್ಲಿಲ್ಲ ಅಂದ್ರ ಮೊಕ ಮ್ಯಾಕಿತ್ತು ಅಂತ. ಮೊಕ ಮ್ಯಾಕಿದ್ರ ಬೆನ್ನು ಎಲ್ಲಿತ್ತು?”

ಪ್ರಶ್ನೆ ಇಷ್ಟೆ. ಕವುಚಿ ಬಿದ್ದವನ ಮೀಸೆಗೆ ಮಣ್ಣು ಹತ್ತುತ್ತದೆ; ಆದರೆ ಅವನು ಸೋತಿಲ್ಲ, ಮತ್ತೆ ಏಳಬಹುದು. ಅಂಗಾತ ಬಿದ್ದವನ ಮೀಸೆ ನಿರ್ಮಲವಾಗಿರುತ್ತದೆ. ಆದರೆ ಅವನ ಎರಡು ಭುಜಗಳೂ ಬೆನ್ನೂ ನೆಲ ಮುಟ್ಟಿವೆ, ಕುಸ್ತಿ ಮುಗಿದಿದೆ. ಗಾದೆಯ ಜಟ್ಟಿ ಮೀಸೆ ತೋರಿಸುತ್ತ ತನಗರಿವಿಲ್ಲದೆಯೇ ಸೋಲನ್ನು ಒಪ್ಪಿಕೊಂಡುಬಿಟ್ಟಿದ್ದಾನೆ! ಆ ಮಾತನ್ನು ಮೊದಲು ಆಡಿದವನು ಕುಸ್ತಿಯನ್ನು ಬಲ್ಲವನೇ ಇರಬೇಕು.

ನಾನು ಪೈಲ್ವಾನನಲ್ಲ. ಅಖಾಡದ ಹೊರಗೆ ಕುಳಿತು ಕುಸ್ತಿ ನೋಡಿದವನು, ಪತ್ರಿಕೆಗಳಲ್ಲಿ ಪೈಲ್ವಾನರ ಚಿತ್ರ ಕತ್ತರಿಸಿ ಇಟ್ಟುಕೊಂಡವನು, ಅಷ್ಟೆ. ನನ್ನ ಮನಸ್ಸಿನಲ್ಲಿ ನಿಂತಿರುವ ಕೆಲವು ಜಟ್ಟಿಗಳನ್ನೂ ಕೆಲವು ಗಳಿಗೆಗಳನ್ನೂ ಇಲ್ಲಿ ನೆನೆಯುತ್ತೇನೆ. ಹಾಗೆ ನೆನೆಯುವಾಗ ನನಗೆ ಮತ್ತೆ ಮತ್ತೆ ಹೊಳೆಯುವ ಸಂಗತಿಯೊಂದುಂಟು. ಕುಸ್ತಿ ಬಲದ ವಿದ್ಯೆಯೆಂದು ಲೋಕ ತಿಳಿದಿದೆ. ನನಗೆ ಅದು ಬಲಕ್ಕೆ ಎಲ್ಲೆ ಹಾಕುವ ವಿದ್ಯೆಯಾಗಿ ಕಾಣುತ್ತದೆ.

ಮೊದಲು ಗರಡಿಯ ವಿಷಯ. ಮೈಸೂರಿನ ಹಳೆಯ ಬೀದಿಗಳಲ್ಲಿ ಇಂದಿಗೂ ಗರಡಿಮನೆಗಳುಂಟು. ಹತ್ತು ಜನಗಳ ಗರಡಿ, ಭೂತಪ್ಪನವರ ಗರಡಿ ಮುಂತಾದ ಹೆಸರುಗಳು ಆ ಊರಿನವರಿಗೆ ದೇವಸ್ಥಾನದ ಹೆಸರುಗಳಷ್ಟೇ ಪರಿಚಿತ. ಗರಡಿಯ ಬಾಗಿಲು ತಗ್ಗು. ತಲೆ ಬಾಗದೆ ಒಳಗೆ ಹೋಗಲಾಗದು. ಒಳಗೆ ಹನುಮಂತನ ಮೂರ್ತಿಯೋ ಪಟವೋ ಇರುತ್ತದೆ. ಒಂದು ಮೂಲೆಯಲ್ಲಿ ಗದೆ, ಕಲ್ಲುಗುಂಡು, ಮರದ ಲೋಡುಗಳು. ನಡುವೆ ಕೆಮ್ಮಣ್ಣಿನ ಅಂಕಣ. ಇದು ಹೊಲದಿಂದ ತಂದು ಸುರಿದ ಮಣ್ಣಲ್ಲ. ಕಲ್ಲು ಹರಳು ಇಲ್ಲದಂತೆ ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡಿದ ಮಣ್ಣು. ಎಣ್ಣೆ ಮಜ್ಜಿಗೆಗಳು ಮಣ್ಣನ್ನು ಮೆತ್ತಗಿಡುತ್ತವೆ. ಅರಿಸಿನ ಗೀರುಗಾಯಕ್ಕೆ ಮದ್ದು. ದಿನವೂ ಅದನ್ನು ಗುದ್ದಲಿಯಿಂದ ಅಗೆದು ಸಡಿಲ ಮಾಡುವುದು ಎಳೆಯ ಶಿಷ್ಯರ ಕೆಲಸ, ಅದೇ ಅವರ ಮೊದಲ ವ್ಯಾಯಾಮವೂ ಹೌದು. ಆ ಮೇಲೆ ದಂಡ, ಬಸ್ಕಿ, ಸಾಮು. ಉಸ್ತಾದರು ಮೊದಲು ಬೀಳುವುದನ್ನು ಕಲಿಸುತ್ತಾರೆ, ಬೀಳಿಸುವುದನ್ನು ಅನಂತರ. ಗದ್ದವನ್ನು ಎದೆಗೆ ಒತ್ತಿ, ಮೈಯನ್ನು ಉಂಡೆ ಮಾಡಿ ಉರುಳಬಲ್ಲವನಿಗೆ ಮಾತ್ರ ಪಟ್ಟುಗಳನ್ನು ಹೇಳಿಕೊಡುವುದು.

ಕಾದಾಟಕ್ಕೆ ನಿಂತ ಜೋಡಿ ಮೊದಲು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತದೆ. ಬಳಿಕ ಒಬ್ಬನು ಇನ್ನೊಬ್ಬನ ಮೈಮೇಲೆ ಮಣ್ಣೆರಚುತ್ತಾನೆ. ಬೆವರಿದ ಮೈ ಜಾರದಂತೆ, ಎದುರಾಳಿಗೆ ಹಿಡಿತ ಸಿಗುವಂತೆ ಮಾಡುವುದು ಇದರ ಉದ್ದೇಶ. ನನ್ನನ್ನು ಸೋಲಿಸಲು ಬಂದವನಿಗೆ ನನ್ನನ್ನು ಹಿಡಿಯುವ ಸೌಕರ್ಯವನ್ನು ನಾನೇ ಮಾಡಿಕೊಡುವ ಇಂಥ ಆಚಾರ ಬೇರೆ ಯಾವ ಹೋರಾಟದಲ್ಲಿ ಉಂಟೋ ನಾನರಿಯೆ. ನಾಡಕುಸ್ತಿಯಲ್ಲಿ ಗುದ್ದುವಂತಿಲ್ಲ, ಕಚ್ಚುವಂತಿಲ್ಲ, ಬೆರಳು ಮುರಿಯುವಂತಿಲ್ಲ. ಅಂಕಗಳ ಲೆಕ್ಕವಿಲ್ಲ. ಬೆನ್ನು ಮಣ್ಣು ಮುಟ್ಟಿತೋ ಇಲ್ಲವೋ, ಅದೊಂದೇ ತೀರ್ಪು. ಅದನ್ನು ಸಾವಿರ ಜನ ಒಟ್ಟಿಗೆ ನೋಡುತ್ತಾರೆ. ಸಂಶಯವಿದ್ದರೆ ಬೆನ್ನಿಗಂಟಿದ ಕೆಮ್ಮಣ್ಣೇ ಸಾಕ್ಷಿ ಹೇಳುತ್ತದೆ.

ಕುಸ್ತಿ ನೋಡುವುದಕ್ಕೂ ಒಂದು ಅಭ್ಯಾಸ ಬೇಕು. ಹೊಸಬನ ಕಣ್ಣು ಕೈಗಳ ಮೇಲಿರುತ್ತದೆ. ಪಳಗಿದವನ ಕಣ್ಣು ಕಾಲುಗಳ ಮೇಲಿರುತ್ತದೆ. ಇಬ್ಬರೂ ಪರಸ್ಪರ ಕುತ್ತಿಗೆಗೆ ಕೈಹಾಕಿ ಸುಮ್ಮನೆ ತಳ್ಳಾಡುತ್ತಿರುವಂತೆ ಕಂಡಾಗ ಅವರು ವಾಸ್ತವವಾಗಿ ತೂಕವನ್ನು ಅಳೆಯುತ್ತಿರುತ್ತಾರೆ. ಎದುರಾಳಿಯ ಭಾರ ಯಾವ ಪಾದದ ಮೇಲಿದೆ, ಅದು ಯಾವಾಗ ಮುಂದಕ್ಕೆ ವಾಲುತ್ತದೆ ಎಂಬ ಲೆಕ್ಕ ಅದು. ವಾಲಿದ ಗಳಿಗೆಯಲ್ಲೇ ಪಟ್ಟು ಬೀಳುತ್ತದೆ. ಧೋಬಿ ಪಟ್ಟನ್ನೇ ನೋಡಿ: ಎದುರಾಳಿಯ ತೋಳು ಹಿಡಿದು, ಗಕ್ಕನೆ ತಿರುಗಿ, ಅವನನ್ನು ತನ್ನ ಹೆಗಲ ಮೇಲಿಂದ ಎಳೆದು, ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಒಗೆಯುವುದು. ಹಾಗೆ ಮಾಡಬೇಕಾದರೆ ಅರೆಕ್ಷಣ ತನ್ನ ಬೆನ್ನನ್ನು ವೈರಿಗೆ ಒಪ್ಪಿಸಲೇಬೇಕು. ಆ ಅರೆಕ್ಷಣದಲ್ಲಿ ಎಡವಿದರೆ ಒಗೆಯಲು ಹೋದವನೇ ಕೆಳಗೆ. ಕಲಾಜಂಗ್ ಎಂಬ ಪಟ್ಟಿನಲ್ಲಿ ಎದುರಾಳಿಯ ಕಂಕುಳಡಿ ನುಗ್ಗಿ ಅವನನ್ನು ಇಡಿಯಾಗಿ ಹೆಗಲ ಮೇಲೆ ಹೊತ್ತು ಉರುಳಿಸುತ್ತಾರೆ. ಅಪಾಯಕ್ಕೆ ಒಡ್ಡಿಕೊಳ್ಳದೆ ಗೆಲುವಿಲ್ಲ ಎಂಬ ಮಾತನ್ನು ಗರಡಿಯವರು ಮೈಯಿಂದಲೇ ಕಲಿತಿರುತ್ತಾರೆ.

ಈ ವಿದ್ಯೆ ಯಾವಾಗಲೂ ಇಷ್ಟು ಮರ್ಯಾದೆಯದಾಗಿತ್ತೇ? ಇಲ್ಲ. ವಿರಾಟನಗರದಲ್ಲಿ ಅಡುಗೆಯವನ ವೇಷದಲ್ಲಿದ್ದ ಭೀಮ ಜೀಮೂತನೆಂಬ ಮಲ್ಲನನ್ನು ತಿರುಗಿಸಿ ಬಡಿದು ಕೊಂದನೆಂದು ಭಾರತ ಹೇಳುತ್ತದೆ. ಮಧುರೆಯ ರಂಗದಲ್ಲಿ ಚಾಣೂರ ಮುಷ್ಟಿಕರು ಜೀವಂತ ಮರಳಲಿಲ್ಲ. ಪುರಾಣದ ಮಲ್ಲಯುದ್ಧ ಮುಗಿಯುವುದು ಸಾವಿನಲ್ಲಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸಕ್ಕೆ ಬಂದರೆ ಅಲ್ಲಿ ಮಲ್ಲವಿನೋದವೆಂಬ ಭಾಗವೇ ಉಂಟು. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ತರಗತಿ ಮಾಡಿ, ಅವರ ಆಹಾರ ವ್ಯಾಯಾಮಗಳನ್ನು ಅರಸನೇ ಕುಳಿತು ಬರೆಯುತ್ತಾನೆ. ಸಮಾನರನ್ನು ಸಮಾನರೊಡನೆ ಜೋಡಿಸಬೇಕೆಂಬ ವಿವೇಕ ಅಷ್ಟು ಹೊತ್ತಿಗೆ ಬಂದಿತ್ತು. ನಮ್ಮ ಜಟ್ಟಿ ಎಂಬ ಮಾತು ಈ ಜ್ಯೇಷ್ಠಿಯಿಂದಲೇ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರನ್ನು ಕುರಿತ ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥವೊಂದು 1964ರಲ್ಲಿ ಬರೋಡಾದಿಂದ ಅಚ್ಚಾಯಿತು. ಅವರ ಕುಲದೇವಿ ನಿಂಬಜೆಯನ್ನೇ ಮೈಸೂರು ಸೀಮೆಯ ಜಟ್ಟಿಗಳೂ ಪೂಜಿಸುತ್ತಾರೆ.

ಇನ್ನು ವಿಜಯನಗರ. 1535ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಮಹಾನವಮಿಯ ಕುಸ್ತಿಯನ್ನು ಬಣ್ಣಿಸಿದ್ದಾನೆ. ಸಾವಿರ ಮಂದಿ ಮಲ್ಲರಂತೆ. ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರಂತೆ. ಅತಿ ಹೆಚ್ಚು ಗಾಯಗೊಂಡವನು ಹೋಗಿ ಅರಸನಿಂದ ರೇಷ್ಮೆಯ ವಸ್ತ್ರ ಪಡೆಯುತ್ತಿದ್ದನಂತೆ. ಅವನಿಗಿಂತ ಮುಂಚೆ, 1520ರ ಸುಮಾರಿಗೆ ಬಂದ ಪಾಯೆಸ್ ಕೂಡ ಹಲ್ಲು ಮುರಿದು ಕಣ್ಣು ಹೋಗುವಂಥ ಹೊಡೆತಗಳನ್ನು ಕಂಡು ಬೆರಗಾಗಿದ್ದ. ಈ ಮಾತನ್ನು ಓದುವಾಗಲೆಲ್ಲ ನನಗೆ ಉಮ್ಮತ್ತೂರು ನೆನಪಾಗುತ್ತದೆ. ಆ ವೈಭವದ ದರ್ಬಾರಿಗೆ ತಲೆಬಾಗದೆ ನಿಂತ ಪುಟ್ಟ ರಾಜ್ಯ ಅದು. ಪೆನುಗೊಂಡ ಚಕ್ರೇಶ್ವರರೆಂಬ ಬಿರುದನ್ನು ಹೊತ್ತ ಉಮ್ಮತ್ತೂರಿನ ಒಡೆಯರನ್ನು ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ, 1510-12ರ ದಂಡಯಾತ್ರೆಯಲ್ಲಿ, ಮುರಿದ; ಗಂಗರಾಜನ ಶಿವನಸಮುದ್ರದ ಕೋಟೆ ಬಿತ್ತು. ಅರಸರ ಕುಸ್ತಿಯಲ್ಲಿ ಬೆನ್ನು ಮಣ್ಣು ಮುಟ್ಟಿದರೆ ಸಾಲದು; ಮನೆತನವೇ ಮಣ್ಣಾಗಬೇಕು. ಸೋತವನು ಎದ್ದು, ಮೈಕೊಡವಿ, ಗೆದ್ದವನ ಕೈಕುಲುಕಿ ಮನೆಗೆ ಹೋಗುವ ಏರ್ಪಾಡು ಅಲ್ಲಿಲ್ಲ.

ವಿಜಯನಗರದ ಮಹಾನವಮಿ ರಾಜ ಒಡೆಯರ ಕಾಲದಲ್ಲಿ, 1610ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಆ ಮೇಲೆ ಮೈಸೂರಿನ ದಸರೆಯಾಯಿತು. ಅದರೊಡನೆ ಆ ಮೊನೆಯ ಬಳೆಯೂ ಬಂತು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆದುಬಂದಿರುವ ವಜ್ರಮುಷ್ಟಿ ಕಾಳಗ ಅದರ ವಂಶದ್ದೇ ಆಗಿರಬೇಕು. ಮೈಸೂರು, ಬೆಂಗಳೂರು, ಚನ್ನಪಟ್ಟಣ ಮತ್ತು ನಮ್ಮ ಚಾಮರಾಜನಗರ, ಈ ನಾಲ್ಕು ಊರುಗಳ ಜಟ್ಟಿಗಳು ಅದಕ್ಕೆ ಬರುತ್ತಾರೆ. ತಲೆ ಬೋಳಿಸಿ, ಲಂಗೋಟಿ ಬಿಗಿದು, ಬಲಗೈ ಬೆರಳುಗಳಿಗೆ ದಂತದಲ್ಲೋ ಕೊಂಬಿನಲ್ಲೋ ಮಾಡಿದ ಮೊನೆಯ ವಜ್ರನಖವನ್ನು ತೊಟ್ಟು ಎರಡು ಜೋಡಿಗಳು ನಿಲ್ಲುತ್ತವೆ. ನೋಡುವವರು ಉಸಿರು ಬಿಗಿಹಿಡಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಒಬ್ಬನ ಬೋಳುತಲೆಯಿಂದ ರಕ್ತದ ಮೊದಲ ಹನಿ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸುತ್ತಾರೆ. ಅದರ ಬಳಿಕವೇ ರಾಜಮನೆತನದವರ ವಿಜಯಯಾತ್ರೆ, ಬನ್ನಿಪೂಜೆ.

ಈ ನಿಲ್ಲಿಸುವುದನ್ನು ನಾನು ಬಹಳ ಯೋಚಿಸಿದ್ದೇನೆ. ಹಂಪೆಯಲ್ಲಿ ಅತಿ ಹೆಚ್ಚು ಗಾಯಗೊಂಡವನಿಗೆ ರೇಷ್ಮೆ; ಮೈಸೂರಿನಲ್ಲಿ ಒಂದು ಹನಿ ಬಿದ್ದರೆ ಸಾಕು, ಮುಂದಿನ ಪೆಟ್ಟಿಗೆ ಅಪ್ಪಣೆಯಿಲ್ಲ. ಕೈಯಲ್ಲಿರುವ ಆಯುಧ ಬಹುಮಟ್ಟಿಗೆ ಅದೇ. ನಡುವಿನ ಶತಮಾನಗಳಲ್ಲಿ ಯಾರೋ ವಿವೇಕಿಗಳು ಎಲ್ಲೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದ್ದಾರೆ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ನನ್ನ ಮೆಚ್ಚಿನ ಕುಸ್ತಿಗಾರರ ಪಟ್ಟಿಯಲ್ಲಿ ಮೊದಲ ಸ್ಥಾನ ಆ ಅನಾಮಧೇಯರಿಗೆ.

ಎರಡನೆಯ ಸ್ಥಾನ ಒಬ್ಬ ಅರಸನಿಗೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಐತಿಹ್ಯ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ತಿರುಚಿನಾಪಳ್ಳಿಯ ಜಗಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿದ್ದನಂತೆ; ಅದರಡಿಯಲ್ಲಿ ನುಸುಳಿದವರೆಲ್ಲ ಸೋತವರ ಲೆಕ್ಕ. ಕಂಠೀರವ ವೇಷ ಮರೆಸಿಕೊಂಡು ಹೋಗಿ, ಅವನನ್ನು ಸಂಹರಿಸಿ, ಸನ್ಮಾನಕ್ಕೂ ಕಾಯದೆ ಮರಳಿದನಂತೆ. ಕೊಂದದ್ದು ನನಗೆ ಮುಖ್ಯವಲ್ಲ. ಕಾಯದೆ ಮರಳಿದ್ದು ಮುಖ್ಯ. ಈ ಅರಸನ ಕತೆಯನ್ನು 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರದಲ್ಲಿ ತೆರೆಗೆ ತಂದ ರಾಜಕುಮಾರ್ ಕೂಡ ನಮ್ಮ ಸೀಮೆಗೆ ಅಂಟಿಕೊಂಡ ಗಾಜನೂರಿನವರೆಂಬುದು ನಮಗೆ ಇನ್ನೊಂದು ಹೆಮ್ಮೆ. ಮೈಸೂರು ದಸರಾ ಕುಸ್ತಿಯಲ್ಲಿ ಕೊಡುವ ‘ದಸರಾ ಕಂಠೀರವ’ ಎಂಬ ಪದವಿಯಲ್ಲಿ ಆ ಹೆಸರು ಇಂದೂ ಉಳಿದಿದೆ.

ಮೂರನೆಯವರು ಗಾಮಾ. ಕುಳ್ಳನೆಯ ಆಳು, ಆದರೆ ಲೋಕದ ಜಟ್ಟಿ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಅವರಿಗೂ ಪೋಲೆಂಡಿನ ಭಾರೀ ಮಲ್ಲ ಝ್ಬಿಷ್ಕೋವಿಗೂ ಕುಸ್ತಿ. ಗಾಮಾ ಮೊದಲ ಗಳಿಗೆಯಲ್ಲೇ ಅವನನ್ನು ಕೆಡವಿದರು. ಕೆಳಗೆ ಹೋದ ಝ್ಬಿಷ್ಕೋ ಹೊಟ್ಟೆಯನ್ನು ನೆಲಕ್ಕಂಟಿಸಿ ಮಲಗಿಬಿಟ್ಟ. ಎರಡೂವರೆ ಗಂಟೆಗೂ ಮೀರಿ ನಡೆದ ಆ ಕುಸ್ತಿಯ ಬಹುಪಾಲು ಅವನು ಹಾಗೆಯೇ ಇದ್ದ. ಗಾಮಾ ಎಳೆದರು, ಮಗುಚಿದರು, ಸವಾರಿ ಕುಳಿತರು. ಬೆನ್ನು ಮಾತ್ರ ಸಿಕ್ಕಲಿಲ್ಲ. ಸಮ ಎಂದು ತೀರ್ಪಾಯಿತು. ವಾರದ ಮೇಲೆ ಮತ್ತೆ ಕಾದಬೇಕಾಗಿದ್ದ ದಿನ ಝ್ಬಿಷ್ಕೋ ಬರಲೇ ಇಲ್ಲ. ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಟೀಕು ಬೇಕೆ? ಮೀಸೆಯನ್ನೆಲ್ಲ ಮಣ್ಣುಮಾಡಿಕೊಂಡು ಬೆನ್ನನ್ನು ಉಳಿಸಿಕೊಂಡವನು ಅವನು. ಲೋಕ ನಕ್ಕಿತು, ಕಾನೂನು ಮಾತ್ರ ಅವನು ಸೋಲಲಿಲ್ಲವೆಂದಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಹದಿನೇಳು ವರ್ಷಗಳಾದ ಮೇಲೆ, 1928ರ ಜನವರಿಯಲ್ಲಿ, ಅದೇ ಝ್ಬಿಷ್ಕೋ ಸಮುದ್ರ ದಾಟಿ ಪಟಿಯಾಲಕ್ಕೆ ಬಂದ. ನಮ್ಮ ನೆಲದಲ್ಲಿ, ನಮ್ಮ ರೀತಿಯಲ್ಲಿ ಕಾದಲು ಒಪ್ಪಿದ. ಒಂದು ನಿಮಿಷ ತುಂಬುವುದರೊಳಗೆ ಗಾಮಾ ಅವನನ್ನು ಅಂಗಾತ ಕೆಡವಿದರು. ಎಲ್ಲರೂ ಗಾಮಾ ಅವರ ಆ ನಿಮಿಷವನ್ನು ಹೊಗಳುತ್ತಾರೆ. ನಾನು ಝ್ಬಿಷ್ಕೋವನ್ನೂ ನೆನೆಯುತ್ತೇನೆ. ನಗೆಪಾಟಲಾದ ಹಳೆಯ ದಿನವನ್ನು ತೊಳೆದುಕೊಳ್ಳಲು, ಐವತ್ತರ ಹೊಸ್ತಿಲಲ್ಲಿ ಅಷ್ಟು ದೂರ ಬಂದು ಬೆನ್ನನ್ನು ಮಣ್ಣಿಗೆ ಒಪ್ಪಿಸಿಹೋದನಲ್ಲ, ಅದೂ ಸಾಮಾನ್ಯವಲ್ಲ. ಗಾಮಾ ದೇಶವಿಭಜನೆಯ ಕಾಲದಲ್ಲಿ ಲಾಹೋರಿನ ತಮ್ಮ ಬೀದಿಯ ಹಿಂದೂ ಮನೆಗಳಿಗೆ ಕಾವಲು ನಿಂತರೆಂದು ಹೇಳುತ್ತಾರೆ. 1960ರಲ್ಲಿ ಅಲ್ಲಿಯೇ ತೀರಿಕೊಂಡರು. ಇಡೀ ನಾಡು ಎಲ್ಲೆ ಮೀರಿದ್ದ ಹೊತ್ತಿನಲ್ಲಿ ಎಲ್ಲೆಯಾಗಿ ನಿಂತ ಆ ತೋಳುಗಳ ಕತೆ ನನಗೆ ಲಂಡನ್ನಿನ ಪದಕಪಟ್ಟಿಗಿಂತ ದೊಡ್ಡದು.

ನಾಲ್ಕನೆಯವರು ಖಾಶಾಬಾ ಜಾಧವ್, ಕೊಲ್ಹಾಪುರದ ಗರಡಿಯಲ್ಲಿ ಬೆಳೆದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ಅವರಲ್ಲಿ ಹಣವಿರಲಿಲ್ಲ. ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು ಏಳು ಸಾವಿರ ರೂಪಾಯಿ ಹೊಂದಿಸಿದರು. ಹೆಲ್ಸಿಂಕಿಯಲ್ಲಿ ಜಪಾನಿನ ಇಷಿಯೊಡನೆ ದೀರ್ಘವಾಗಿ ಕಾದು ದಣಿದ ಜಾಧವರನ್ನು ವಿಶ್ರಾಂತಿಯಿಲ್ಲದೆ ರಷ್ಯದ ಮಲ್ಲನೆದುರು ನಿಲ್ಲಿಸಲಾಯಿತು. ನಡುವೆ ಬಿಡುವು ಕೊಡಬೇಕೆಂಬ ನಿಯಮವಿತ್ತು. ಅದನ್ನು ಕೇಳಿ ಪಡೆಯಲು ನಮ್ಮ ಅಧಿಕಾರಿಗಳು ಯಾರೂ ಅಲ್ಲಿರಲಿಲ್ಲ. ಆದರೂ ಕಂಚು ಬಂತು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ಗೆದ್ದುತಂದ ಮೊದಲ ಒಲಿಂಪಿಕ್ ಪದಕ ಅದು. ಇನ್ನೊಂದಕ್ಕೆ 44 ವರ್ಷ ಕಾಯಬೇಕಾಯಿತು. ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ ನಡೆಯಿತು. ಆ ಮೇಲೆ ಅವರು ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರಾಗಿ ಸೇರಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಅವರಿಗೆ ಅರ್ಜುನ ಪ್ರಶಸ್ತಿ ಸಂದದ್ದು 2001ರಲ್ಲಿ. ಗಾಡಿ ಕಟ್ಟಿಕೊಂಡು ಬಂದ ರೈತರಿಗೆ ಅಂದೇ ತಿಳಿದುದು ದೆಹಲಿಗೆ ತಿಳಿಯಲು ಅಷ್ಟು ಕಾಲ ಬೇಕಾಯಿತು.

ಐದನೆಯ ಹೆಸರು ದಾರಾಸಿಂಗ್. ಇಲ್ಲಿ ನಾನು ಸ್ವಲ್ಪ ಸಂಕೋಚದಿಂದ ಮಾತನಾಡುತ್ತೇನೆ. ಹಗ್ಗದ ಅಂಕಣದೊಳಗಿನ ವೃತ್ತಿಕುಸ್ತಿ ಬಹುಮಟ್ಟಿಗೆ ಮೊದಲೇ ನಿಶ್ಚಯಿಸಿದ ಆಟವೆಂಬುದು ಈಗ ಯಾರಿಗೂ ಗುಟ್ಟಲ್ಲ. ಆದರೆ ಕಿಂಗ್‌ಕಾಂಗನೆಂಬ ಬೆಟ್ಟದಂಥ ದೇಹದ ಎದುರು ದಾರಾಸಿಂಗ್ ನಿಂತ ಚಿತ್ರವನ್ನು ನೋಡುತ್ತಿದ್ದ ಹುಡುಗರಿಗೆ ಅದರ ಗೊಡವೆ ಇರಲಿಲ್ಲ. 1959ರಲ್ಲಿ ಕಲ್ಕತ್ತೆಯಲ್ಲಿ ಕಾಮನ್‌ವೆಲ್ತ್ ಪಟ್ಟ, 1968ರಲ್ಲಿ ಬೊಂಬಾಯಿಯಲ್ಲಿ ಅಮೆರಿಕದ ಲೂ ಥೆಜ್‌ನ ಮೇಲೆ ಗೆಲುವು. ಈ ವರ್ಷಗಳನ್ನು ನಾವು ಅರಸರ ಪಟ್ಟಾಭಿಷೇಕದ ವರ್ಷಗಳಂತೆ ಬಾಯಿಪಾಠ ಮಾಡಿದ್ದೆವು. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ತನ್ನ 1957ರ ಪುಸ್ತಕವೊಂದರ ಮೊದಲ ಪ್ರಬಂಧದಲ್ಲೇ ಈ ಕುಸ್ತಿಯನ್ನು ಕ್ರೀಡೆಯಲ್ಲವೆಂದೂ ಅದೊಂದು ನೋಟ, ನಾಟಕದ ಜಾತಿಯದೆಂದೂ ವಾದಿಸಿದ್ದಾನೆ. ಬಯಲಾಟ ನೋಡಿ ಬೆಳೆದ ನಮಗೆ ಇದನ್ನು ಫ್ರಾನ್ಸಿನವರು ಹೇಳಬೇಕಾಗಿರಲಿಲ್ಲ. ರಾಕ್ಷಸವೇಷ ಅಬ್ಬರಿಸಿ ಬಂದಾಗ ಮಕ್ಕಳು ತಾಯಂದಿರ ಸೆರಗಿನಲ್ಲಿ ಮುಖ ಹುದುಗಿಸುತ್ತಾರೆ. ವೇಷ ಕಳಚಿದ ಮೇಲೆ ಅದೇ ಮನುಷ್ಯ ನಮ್ಮ ಪಕ್ಕದ ಕೇರಿಯವನೆಂದು ಅವರಿಗೂ ಗೊತ್ತು. ಕಿಂಗ್‌ಕಾಂಗ್ ಎಲ್ಲೆ ಮೀರುವ ಪಾತ್ರ. ದಾರಾಸಿಂಗ್ ಎಲ್ಲೆಯನ್ನು ಮರಳಿ ನಿಲ್ಲಿಸುವ ಪಾತ್ರ. 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಅವರು ಹನುಮಂತನಾಗಿ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಗರಡಿಯ ಗೋಡೆಯ ಮೇಲಿನ ಪಟ ಇಳಿದುಬಂದಂತೆ ಇತ್ತು, ಅಷ್ಟೆ.

ಈಗಿನ ಕುಸ್ತಿಗೆ ಮಣ್ಣಿಲ್ಲ, ಮ್ಯಾಟ್ ಇದೆ. ಅಂಕ, ನಿಮಿಷ, ತೂಕದ ತರಗತಿಗಳಿವೆ. ಮಣ್ಣಿನಲ್ಲಿ ಬೆಳೆದ ಹಿರಿಯರು ಇದನ್ನು ಕಂಡು ಮೂಗು ಮುರಿಯುವುದುಂಟು. ನಾನು ಮುರಿಯಲಾರೆ. ಹೊಸ ಎಲ್ಲೆಗಳು ಹೊಸಬರಿಗೆ ಬಾಗಿಲು ತೆರೆದಿವೆ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ಏಷ್ಯಾ ಚಾಂಪಿಯನ್‌ಷಿಪ್ಪಿನ 55 ಕಿಲೋ ವಿಭಾಗದಲ್ಲಿ ಕಂಚು ತಂದದ್ದು ಮ್ಯಾಟಿನ ಮೇಲೆಯೇ. ಹೆಂಗಸರಿಗೆ ಹೊಸ್ತಿಲು ದಾಟಲೂ ಬಿಡದಿದ್ದ ಗರಡಿಗಳ ಊರಿನಲ್ಲಿ ಈಗ ದಸರೆಗೆ ‘ದಸರಾ ಕಿಶೋರಿ’ ಪಟ್ಟಕ್ಕಾಗಿ ಹುಡುಗಿಯರು ಕಾದುತ್ತಾರೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಸೊನ್ನೆಗೆ ಐದರ ಹಿನ್ನಡೆಯಿಂದ ಎದ್ದು, ಕಡೆಯ ಕ್ಷಣಗಳಲ್ಲಿ ಎಂಟು-ಐದರಿಂದ ಕಂಚು ಗೆದ್ದ ರಾತ್ರಿ ನಾನು ನಿದ್ದೆಗೆಟ್ಟು ಕುಳಿತಿದ್ದೆ.

2024ರ ಪ್ಯಾರಿಸ್ ಇನ್ನೂ ನೋಯುತ್ತದೆ. ಆಗಸ್ಟ್ 6ರಂದು ವಿನೇಶ್ ಫೋಗಟ್ ಅಂತರರಾಷ್ಟ್ರೀಯ ಕುಸ್ತಿಯಲ್ಲಿ 82 ಸಲ ಕಾದಿಯೂ ಸೋಲರಿಯದಿದ್ದ ಜಪಾನಿನ ಸುಸಾಕಿಯನ್ನು ಸೋಲಿಸಿ, ಒಲಿಂಪಿಕ್ ಕುಸ್ತಿಯ ಅಂತಿಮಕ್ಕೇರಿದ ಮೊದಲ ಭಾರತೀಯ ಮಹಿಳೆಯಾದರು. ಮರುದಿನ ಬೆಳಗ್ಗೆ ತಕ್ಕಡಿ 50 ಕಿಲೋಗಿಂತ ನೂರು ಗ್ರಾಂ ಹೆಚ್ಚು ತೋರಿಸಿತು. ಮೀಸೆಯ ಮಾತಿರಲಿ, ಬೆನ್ನಿಗೂ ಮಣ್ಣು ಹತ್ತದೆ ಸೋಲಬೇಕಾಯಿತು. ಎಲ್ಲೆಯಿಲ್ಲದೆ ಕುಸ್ತಿಯಿಲ್ಲ ಎಂದು ಇಷ್ಟು ಹೊತ್ತು ಹೇಳಿದ ನಾನು ಆ ಎಲ್ಲೆಯನ್ನು ಅಲ್ಲಗಳೆಯಲಾರೆ. ಆದರೆ ಮನುಷ್ಯರನ್ನು ಉಳಿಸಲೆಂದು ಎಳೆದ ಗೆರೆ ಒಮ್ಮೊಮ್ಮೆ ಮನುಷ್ಯರನ್ನೇ ಕೊಯ್ಯುತ್ತದೆಂಬುದನ್ನು ಆ ದಿನ ಕಂಡೆ.

ಕೊನೆಗೆ, ನನ್ನ ಕಣ್ಣಾರೆ ನೋಡಿದ ಒಂದು ಕುಸ್ತಿ. ಅದು ಯಾವ ದಾಖಲೆಯಲ್ಲೂ ಇಲ್ಲ. ನಮ್ಮ ಸೀಮೆಯ ಒಂದು ಜಾತ್ರೆ. ತೇರು ಎಳೆದು ಮುಗಿದ ಮರುದಿನದ ಸಂಜೆ. ತಮಟೆ ಬಾರಿಸುತ್ತಿತ್ತು. ಒಂದು ಕಡೆ ಉಮ್ಮತ್ತೂರಿನ ಆ ಪೈಲ್ವಾನರು, ಆಗ ನಲವತ್ತರ ಹತ್ತಿರ, ಪ್ರಾಯಶಃ ಅವರ ಕೊನೆಯ ದೊಡ್ಡ ಕುಸ್ತಿ. ಎದುರಿಗೆ ಹೊಳೆಯಾಚೆಯ ಊರಿನ ಇಪ್ಪತ್ತೆರಡರ ಹುಡುಗ. ಅರ್ಧ ಗಂಟೆಯಾದರೂ ಯಾರೂ ಬೀಳಲಿಲ್ಲ. ಹೊತ್ತು ಮುಳುಗುತ್ತಿತ್ತು. ನಮ್ಮ ಪೈಲ್ವಾನರು ಹುಡುಗನನ್ನು ಕವುಚಿ ಕೆಡವಿ, ಸವಾರಿ ಕುಳಿತು, ತೋಳನ್ನು ಹಿಂದಕ್ಕೆ ತಿರುವಿ ಮಗುಚತೊಡಗಿದರು. ಇನ್ನೊಂದು ಗೇಣು ತಿರುಗಿದ್ದರೆ ಗೆಲುವು. ನಾವೆಲ್ಲ ಎದ್ದು ನಿಂತಿದ್ದೆವು. ಅಷ್ಟರಲ್ಲಿ ಅವರು ಹಿಡಿತ ಸಡಿಲಿಸಿ, ಕೈಯೆತ್ತಿ, ಪಂಚರನ್ನು ಕರೆದರು. ಹುಡುಗನ ಭುಜ ಕೀಲು ತಪ್ಪುವಂತಾಗಿತ್ತಂತೆ. ಅದು ನಮಗೆ ಕಾಣದು, ಹಿಡಿದ ಕೈಗೆ ಮಾತ್ರ ತಿಳಿಯುತ್ತದೆ. ನೀರು ಕುಡಿಸಿ, ಭುಜ ನೀವಿ, ಹುಡುಗ ಸರಿಯೆಂದ ಮೇಲೆ ಮತ್ತೆ ನಿಲ್ಲಿಸಿದರು. ಐದೇ ನಿಮಿಷ. ದಣಿದ ಕಾಲುಗಳ ಭಾರ ಮುಂದಕ್ಕೆ ವಾಲಿತು. ಹುಡುಗ ಸರಕ್ಕನೆ ಧೋಬಿ ಎಳೆದ. ನಮ್ಮವರು ಅಂಗಾತ ಬಿದ್ದರು.

ನಮ್ಮ ಊರಿನ ಗುಂಪು ಕಲ್ಲಾಗಿ ನಿಂತಿತು. ಕೆಲವರು ‘ಬಿಟ್ಟಿದ್ದೇಕೆ, ಗೆದ್ದಿದ್ದೆಯಲ್ಲ’ ಎಂದು ಕೂಗಿದರು. ಆ ಹುಡುಗ ಗೆಲುವಿಗೆ ಕುಣಿಯಲಿಲ್ಲ. ತನ್ನ ತಲೆಗೆ ಸುತ್ತಲು ಕೊಟ್ಟಿದ್ದ ರುಮಾಲನ್ನು ತೆಗೆದುಕೊಂಡು ಬಂದು ಹಿರಿಯರ ಬೆನ್ನಿನ ಮಣ್ಣನ್ನು ಒರೆಸತೊಡಗಿದ. ಅವರು ಅವನ ಕೈ ತಡೆದು, ನಮ್ಮ ಕಡೆ ತಿರುಗಿ, ಮೀಸೆಯನ್ನು ಎರಡು ಬೆರಳಿನಲ್ಲಿ ತೀಡಿ ನಕ್ಕರು.

“ನೋಡ್ಕಳಿ, ಮೀಸ ಮಣ್ಣಾಗಿಲ್ಲ!”

ಊರಿಗೆ ಊರೇ ನಕ್ಕಿತು. ಆ ನಗುವಿನಲ್ಲಿ ಸೋಲು ಕರಗಿಹೋಯಿತು. ಅಂದು ನಾನು ಹುಡುಗ. ಅವರು ಜಂಬ ಕೊಚ್ಚಿದರೆಂದೇ ತಿಳಿದಿದ್ದೆ. ವರ್ಷಗಳ ಮೇಲೆ ಜಗಲಿಯಲ್ಲಿ ಅವರು ಗಾದೆಯ ಅರ್ಥ ಬಿಡಿಸಿದಾಗ ತಿಳಿಯಿತು: ಎಲ್ಲರೆದುರಿಗೆ, ಪೂರಾ ಅರಿವಿನಿಂದ, ಅವರು ಆ ಸಂಜೆ ಹೇಳಿದ್ದು ‘ನನ್ನ ಬೆನ್ನು ಮಣ್ಣಾಗಿದೆ’ ಎಂದು.